ಇಲ್ಲ ಎನ್ನಲು ಕಲಿತ ಬೀದಿ

ಹಲ್ಲುಕಡ್ಡಿಗೆಂದೇ ಒಂದು ಅಂಗಡಿ! ಬಾಚಣಿಗೆ, ಬ್ರಷ್ಷು, ಸಾಬೂನುಗಳ ನಡುವೆ ಮೂಲೆಯಲ್ಲೆಲ್ಲೋ ಹಲ್ಲುಕಡ್ಡಿಯನ್ನೂ ಇಟ್ಟುಕೊಂಡ ಅಂಗಡಿಯಲ್ಲ. ಬರೀ ಹಲ್ಲುಕಡ್ಡಿ. ಅದೂ ಎಲ್ಲಿ? ಟೋಕಿಯೋದ ನಿಹೊಂಬಾಶಿಯಲ್ಲಿ. ಬ್ಯಾಂಕ್ ಆಫ್ ಜಪಾನಿನ ಕೇಂದ್ರ ಕಚೇರಿ ಇರುವ, ಗೇಣು ಜಾಗಕ್ಕೂ ಚಿನ್ನದ ಬೆಲೆ ಕಟ್ಟುವ ಪೇಟೆಯಲ್ಲಿ.

ಅಂಗಡಿಯ ಹೆಸರು ಸಾರುಯಾ. ಒಳಗೆ ಕಾಲಿಟ್ಟರೆ ಕುರೊಮೋಜಿ ಎಂಬ ಪೊದೆಗಿಡದ ಕಟ್ಟಿಗೆಯ ಪರಿಮಳ. ದಾಲ್ಚಿನ್ನಿಯ ಬಳಗಕ್ಕೇ ಸೇರಿದ ಗಿಡವಂತೆ ಅದು. ಕಟ್ಟಿಗೆಯನ್ನು ಕೈಯಲ್ಲೇ ಸೀಳಿ, ಹೆರೆದು, ಒಂದು ಬದಿಗೆ ಕಪ್ಪು ತೊಗಟೆಯನ್ನು ಹಾಗೇ ಬಿಟ್ಟು ಮೊನೆ ತೆಗೆಯುತ್ತಾರೆ. ಊಟವಾದ ಮೇಲೆ ಹಲ್ಲಿಗೆ ಸಣ್ಣವು. ಚಹಾಕೂಟದಲ್ಲಿ ಸಿಹಿಯನ್ನು ಕತ್ತರಿಸಿ ಬಾಯಿಗಿಡಲು ಉದ್ದನೆಯ ದಪ್ಪನೆಯವು. ಕೆಲವಕ್ಕೆ ಒಂದೊಂದಕ್ಕೂ ಕಾಗದದ ಅಂಗಿ, ಆ ಕಾಗದದೊಳಗೆ ಒಂದು ಪ್ರೇಮದ ಪದ. ಉಡುಗೊರೆ ಕೊಡುವವರಿಗೆ ಹಗುರ ಮರದ ಪೆಟ್ಟಿಗೆ. ಗಾಜಿನ ಕಪಾಟಿನಲ್ಲಿ ಅವುಗಳನ್ನು ಜೋಡಿಸಿದ ಗಾಂಭೀರ್ಯ ನೋಡಿದರೆ ನಮ್ಮೂರಿನ ಬಂಗಾರದಂಗಡಿಯವರು ತುಸು ನಾಚಿಕೊಳ್ಳಬೇಕು.

ಅಂಗಡಿ ಶುರುವಾದದ್ದು 1704ರಲ್ಲಿ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ತೀರಿಕೊಂಡದ್ದು ಅದೇ ವರ್ಷ. ಆ ನವಕೋಟಿ ನಾರಾಯಣನ ಖಜಾನೆ ಎಲ್ಲಿ ಕರಗಿತೋ, ಈ ಹಲ್ಲುಕಡ್ಡಿಯ ವ್ಯಾಪಾರವಂತೂ ನಡೆದೇ ಇದೆ.

"ಇದಕ್ಕೆ ಬಾಡಿಗೆ ಹೇಗೆ ಹುಟ್ಟುತ್ತೆ ಮಾವ?" ಎಂದ ನನ್ನ ಸೋದರಳಿಯ.

ಅವನು ಕೇಳಬೇಕಾದ ಪ್ರಶ್ನೆಯೇ. ಭಾರತದ ಸಾಫ್ಟ್‌ವೇರ್ ಮಂದಿ ಹೆಚ್ಚಾಗಿ ನೆಲೆಸಿರುವ ನಿಶಿ ಕಸಾಯಿಯಲ್ಲಿ ಅವನ ಮನೆ. ಕೆಲಸ ಆನ್‌ಲೈನ್ ಮಾರಾಟದ ಕಂಪನಿಯೊಂದರಲ್ಲಿ. ಯಾವ ಸರಕು ಎಷ್ಟು ಓಡುತ್ತದೆ, ಯಾವುದು ಗೋದಾಮಿನಲ್ಲಿ ಸುಮ್ಮನೆ ಕೂತಿದೆ, ಯಾವುದನ್ನು ಹೊರಗೆ ಹಾಕಬೇಕು ಎಂದು ಲೆಕ್ಕ ಮಾಡುವ ಪ್ರೋಗ್ರಾಂ ಬರೆಯುವವನು. ಟೋಕಿಯೋದಲ್ಲಿ ಇಷ್ಟು ವರ್ಷವಿದ್ದರೂ ಈ ಅಂಗಡಿಗೆ ಅವನೂ ಮೊದಲ ಸಲ ಬಂದಿದ್ದ. ಊರು ತೋರಿಸುತ್ತೇನೆಂದು ಹೊರಟವನು ನನ್ನ ಹಾಗೇ ಬಾಯಿ ತೆರೆದು ನಿಂತಿದ್ದ.

ಹೊರಗೆ ಬಂದು ನಾಲ್ಕು ಹೆಜ್ಜೆ ಇಟ್ಟರೆ ಮಿತ್ಸುಕೋಶಿ. ಜಪಾನಿನ ಡಿಪಾರ್ಟ್‌ಮೆಂಟ್ ಸ್ಟೋರುಗಳಿಗೆಲ್ಲ ಅಜ್ಜಿ ಎನ್ನಬಹುದಾದ ಮಹಾಮಳಿಗೆ. ಬಾಗಿಲಲ್ಲಿ 1914ರಿಂದ ಕೂತಿರುವ ಎರಡು ಕಂಚಿನ ಸಿಂಹಗಳು, ಒಳಗೆ ಮಹಡಿ ಮೇಲೆ ಮಹಡಿ, ಉಡುವುದು ತಿನ್ನುವುದು ಹಾಸುವುದು ಹೊದೆಯುವುದು ಎಲ್ಲ. ಬೆನ್ನ ಹಿಂದೆ ಹಲ್ಲುಕಡ್ಡಿ, ಕಣ್ಣ ಮುಂದೆ ಈ ಭೂತಾಕಾರ. ದೊಡ್ಡದು ಬಂದರೆ ಸಣ್ಣದು ಸಾಯುತ್ತದೆ ಎಂಬುದನ್ನೇ ಕೇಳಿಕೊಂಡು ಬಂದ ನಾನು ಆ ಕಾಲುದಾರಿಯಲ್ಲಿ ನಿಂತು ಒಮ್ಮೆ ಹಿಂದೆ, ಒಮ್ಮೆ ಮುಂದೆ ನೋಡಿದೆ.

ಈ ಮಿತ್ಸುಕೋಶಿಯ ಪೂರ್ವಚರಿತ್ರೆ ಗೊತ್ತಾದ ಮೇಲಂತೂ ಇನ್ನಷ್ಟು ತಲೆ ಕೆಟ್ಟಿತು. ಮಿತ್ಸುಯಿ ತಕತೋಶಿ ಎಂಬ ವರ್ತಕ 1673ರಲ್ಲಿ, ಅಂದರೆ ಚಿಕ್ಕದೇವರಾಜರು ಪಟ್ಟಕ್ಕೆ ಬಂದ ವರ್ಷ, ಎಚಿಗೋಯಾ ಎಂಬ ಹೆಸರಿನಲ್ಲಿ ಇಟ್ಟ ಬಟ್ಟೆಯಂಗಡಿ ಇದು. ಆಗಿನ ದೊಡ್ಡ ಬಟ್ಟೆ ವ್ಯಾಪಾರಿಗಳೆಲ್ಲ ಸಾಮುರಾಯ್ ಮನೆತನಗಳ ಬಾಗಿಲಿಗೆ ಥಾನು ಹೊತ್ತು ಹೋಗುತ್ತಿದ್ದರು. ಸಾಲದ ವ್ಯಾಪಾರ, ಬಾಕಿ ವಸೂಲಿ ವರ್ಷಕ್ಕೆರಡು ಸಲ, ಆ ಸಾಲದ ಬಡ್ಡಿಯೂ ಬೆಲೆಯೊಳಗೇ ಸೇರಿರುತ್ತಿತ್ತು. ತಕತೋಶಿ ಎಲ್ಲವನ್ನೂ ತಿರುಗುಮುರುಗು ಮಾಡಿದ. ಅಂಗಡಿಗೇ ಬನ್ನಿ, ನಗದು ಕೊಡಿ, ಬೆಲೆ ಯಾರಿಗಾದರೂ ಒಂದೇ, ಇಡೀ ಥಾನು ಬೇಡವೆಂದರೆ ಬೇಕಾದಷ್ಟೇ ಕತ್ತರಿಸಿ ಕೊಡುತ್ತೇವೆ. ಬಂದವರು ಯಾರು? ದೊಡ್ಡ ಅಂಗಡಿಗಳು ಕಣ್ಣೆತ್ತಿಯೂ ನೋಡದಿದ್ದ ಪೇಟೆಯ ಸಾಮಾನ್ಯ ಜನ. ಉಳಿದ ವರ್ತಕರು ಕೊಟ್ಟ ಕಾಟ ತಾಳಲಾರದೆ 1683ರಲ್ಲಿ ಅಂಗಡಿ ಬೇರೆ ಬೀದಿಗೆ ಹೋಗಬೇಕಾಯಿತು. ಹಾಗೆ ಬಂದು ಕೂತ ಜಾಗ ಈಗಿನ ಮಿತ್ಸುಕೋಶಿ ಇರುವ ಈ ಮಗ್ಗುಲು. ಇಂದಿನ ರಾಜಬೀದಿಯ ದೈತ್ಯ ಅಂದು ಒಂದು ಕೊರಕಲಿನಲ್ಲಿ ಹುಟ್ಟಿದ ಪುಂಡುಮರಿ.

ಇನ್ನೊಂದು ಸಂಗತಿ. ಇಹಾರಾ ಸೈಕಾಕು ಎಂಬ ಲೇಖಕ 1688ರಲ್ಲಿ ಪ್ರಕಟಿಸಿದ ವರ್ತಕರ ಕತೆಗಳಲ್ಲಿ ಈ ಅಂಗಡಿಯ ವರ್ಣನೆ ಬರುತ್ತದೆ. ಅಲ್ಲಿ ಒಬ್ಬೊಬ್ಬ ಗುಮಾಸ್ತನಿಗೆ ಒಂದೊಂದೇ ಬಗೆಯ ಬಟ್ಟೆಯ ಉಸ್ತುವಾರಿ. ಮಖಮಲ್ಲಿನವನು ಮಖಮಲ್ಲನ್ನಷ್ಟೇ ಬಲ್ಲ. ಎಲ್ಲರ ಅಂಗಡಿ ಎನ್ನುವುದು ಒಳಗೆ ನೋಡಿದರೆ ಕೆಲವರ ಅಂಗಡಿಗಳ ಒಕ್ಕೂಟವೇ ಆಗಿತ್ತು. ಇದನ್ನು ಹೇಳಿದಾಗ ಅಳಿಯ, "ನಮ್ಮಲ್ಲೂ ಒಂದೊಂದು ಕ್ಯಾಟಗರಿಗೆ ಒಬ್ಬೊಬ್ಬ ಮ್ಯಾನೇಜರ್ ಇದಾರೆ. ಆದ್ರೆ ಯಾರಿಗೂ ಬಟ್ಟೆ ಮುಟ್ಟಿ ನೋಡೋಕೆ ಬರಲ್ಲ" ಎಂದು ನಕ್ಕ.

ಅಲ್ಲಿಂದ ಚೂಓ ದೋರಿ ಹಿಡಿದು ಉತ್ತರಕ್ಕೆ ನೆಟ್ಟಗೆ ನಡೆದರೆ ಕಾಂಡಾ ದಾಟಿ ಅಕಿಹಬಾರಾ. ಇಂದು ಪ್ರವಾಸಿಗಳು ಅಲ್ಲಿಗೆ ಹೋಗುವುದು ಕಾರ್ಟೂನು ಗೊಂಬೆಗಳಿಗೆ, ಆಟದ ಕಾರ್ಡುಗಳಿಗೆ. ನಾವು ಹೋದದ್ದು ರೈಲು ಹಳಿಯ ಕೆಳಗಿನ ಓಣಿಗಳಿಗೆ. ರೇಡಿಯೋ ಸೆಂಟರ್ ಎಂದು ಹೆಸರು. ಇಬ್ಬರು ಎದುರುಬದುರಾದರೆ ಒಬ್ಬರು ಪಕ್ಕೆ ಒತ್ತಿಕೊಂಡು ನಿಲ್ಲಬೇಕು. ಎರಡೂ ಕಡೆ ಗೂಡಂಗಡಿಗಳು: ಒಂದರಲ್ಲಿ ಬರೀ ಸ್ವಿಚ್ಚು, ಒಂದರಲ್ಲಿ ಬರೀ ಟ್ರಾನ್ಸ್‌ಫಾರ್ಮರು, ಇನ್ನೊಂದರಲ್ಲಿ ಬರೀ ವೈರು. ಸಂತೆಯಲ್ಲಿ ಹೆಸರು, ಉದ್ದು, ಅವರೆ ಸುರಿದಿಟ್ಟ ಹಾಗೆ ಪುಟ್ಟ ಪುಟ್ಟ ಡಬ್ಬಿಗಳಲ್ಲಿ ಬಣ್ಣಬಣ್ಣದ ರೆಸಿಸ್ಟರುಗಳು, ಕೆಪಾಸಿಟರುಗಳು. ತಲೆಯ ಮೇಲೆ ರೈಲು ಹೋದಾಗಲೆಲ್ಲ ಅವೂ ಸಣ್ಣಗೆ ನಡುಗುತ್ತವೇನೋ ಅನ್ನಿಸುತ್ತದೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಹತ್ತಿರದ ವಿದ್ಯುತ್ ಶಾಲೆಯ ಹುಡುಗರು ಬಿಡಿಭಾಗ ಕೊಂಡು ರೇಡಿಯೋ ಜೋಡಿಸಿ ಮಾರಿ ಜೇಬುಖರ್ಚು ಹುಟ್ಟಿಸಿಕೊಳ್ಳುತ್ತಿದ್ದರು. ಅವರಿಗಾಗಿ ಬೀದಿಬದಿಯಲ್ಲಿ ಬಿಡಿಭಾಗದ ತಳ್ಳುಗಾಡಿಗಳು ಕೂಡಿಕೊಂಡವು. 1949ರಲ್ಲಿ ಅಮೆರಿಕನ್ ಸೇನಾಡಳಿತ ಬೀದಿ ವ್ಯಾಪಾರ ತೆರವು ಮಾಡಲು ಹುಕುಂ ಕೊಟ್ಟಿತು. ಅಂಗಡಿಯವರಿಗೆ ಸಿಕ್ಕಿದ ಬದಲಿ ಜಾಗವೇ ಈ ಹಳಿಯ ಬುಡ. ಆಮೇಲೆ ಟೀವಿ, ಫ್ರಿಜ್ಜು, ವಾಷಿಂಗ್ ಮಷೀನಿನ ಕಾಲ. ಅಕಿಹಬಾರಾ ದೇಶಕ್ಕೆಲ್ಲ ವಿದ್ಯುತ್ ಸಾಮಾನಿನ ಪೇಟೆಯಾಯಿತು, ಮುಖ್ಯರಸ್ತೆಯಲ್ಲಿ ಏಳೆಂಟು ಮಹಡಿಯ ಮಳಿಗೆಗಳೆದ್ದವು. ಊರಾಚೆ ಕಾರು ನಿಲ್ಲಿಸಲು ಜಾಗವಿರುವ ಸರಣಿ ಅಂಗಡಿಗಳು ಬಂದದ್ದೇ ತಡ, ಆ ಮಳಿಗೆಗಳು ಒಂದೊಂದಾಗಿ ಮಂಕಾದವು. ಹೆಸರುವಾಸಿಯಾಗಿದ್ದ ಲಾವೋಕ್ಸ್ 2009ರಲ್ಲಿ ಚೀನಾದ ಕಂಪನಿಯ ಪಾಲಾಯಿತು. 2005ರಲ್ಲಿ ನಿಲ್ದಾಣದ ಪಕ್ಕದಲ್ಲೇ ಯೊದೊಬಾಶಿ ಎಂಬ ಮಹಾ ಸರಣಿಯ ಬೃಹತ್ ಮಳಿಗೆ ತೆರೆಯಿತು. ಟೀವಿ ಮಾರುವವನನ್ನು ಇನ್ನೂ ಅಗ್ಗಕ್ಕೆ ಟೀವಿ ಮಾರುವವನು ಹೊಡೆದ. ಹಳಿಯ ಕೆಳಗೆ ಸ್ವಿಚ್ಚು ಮಾರುವವನನ್ನು ಹೊಡೆಯಲು ಯಾರಿಗೂ ಪುರಸೊತ್ತಿರಲಿಲ್ಲ.

ಹಾಗೆಂದು ಸಣ್ಣವರೆಲ್ಲ ಚಿರಂಜೀವಿಗಳೇನಲ್ಲ. ಪಕ್ಕದಲ್ಲೇ ರೇಡಿಯೋ ಸ್ಟೋರ್ ಎಂಬ ಇಂಥದ್ದೇ ಇನ್ನೊಂದು ಗೂಡು ಇತ್ತು. 2013ರಲ್ಲಿ ಅದು ಬಾಗಿಲು ಹಾಕಿತು. ಅಂಗಡಿಯವರಿಗೆ ವಯಸ್ಸಾಗುವುದನ್ನು ಯಾವ ವ್ಯಾಪಾರ ನೀತಿಯೂ ತಡೆಯಲಾರದು.

ಓಣಿಯಲ್ಲಿ ಅಳಿಯ ಸ್ವಲ್ಪ ಹೊತ್ತು ಕಳೆದೇ ಹೋದ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವಾಗ ಪ್ರಾಜೆಕ್ಟಿಗೆ ಎಸ್.ಪಿ. ರೋಡಿನಲ್ಲಿ ಅಲೆದಿದ್ದ ಹುಡುಗ. ಸಿಕ್ಕಿದಾಗ ಅವನ ಕೈಯಲ್ಲಿ ಯಾವುದಕ್ಕೂ ಬೇಡದ ಒಂದು ಹಳೆಯ ಮಾದರಿಯ ಸ್ವಿಚ್ಚಿತ್ತು, ಮುಖದಲ್ಲಿ ಇಪ್ಪತ್ತರ ಕಳೆ.

ಇನ್ನು ಜಿಂಬೋಚೋ. ನಿಜ ಹೇಳಬೇಕೆಂದರೆ ನಾನು ಟೋಕಿಯೋಕ್ಕೆ ಹೋದದ್ದೇ ಅದಕ್ಕೆ. ಉಳಿದದ್ದೆಲ್ಲ ದಾರಿಯಲ್ಲಿ ಸಿಕ್ಕಿದ್ದು. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಬೆಳೆದವನಿಗೆ ಒಂದೇ ಬಡಾವಣೆಯಲ್ಲಿ ಸುಮಾರು 130 ಹಳೆಯ ಪುಸ್ತಕದ ಅಂಗಡಿಗಳಿವೆ ಎಂದರೆ ಕನಸಿನಲ್ಲಿ ಹೇಳಿದ ಲೆಕ್ಕದಂತಿರುತ್ತದೆ. ನಾವು ಹೋದಾಗ ಶರತ್ಕಾಲ. 1960ರಿಂದ ನಡೆದುಬಂದಿರುವ ಕಾಂಡಾ ಹಳೆಪುಸ್ತಕ ಹಬ್ಬ ಬೀದಿಗೆ ಬಂದಿತ್ತು. ಯಸುಕುನಿ ದೋರಿಯ ಉದ್ದಕ್ಕೂ ಕಾಲುದಾರಿಯ ಒಂದು ಬದಿ ಅಂಗಡಿಗಳು, ಇನ್ನೊಂದು ಬದಿ ಹಬ್ಬಕ್ಕೆಂದು ನಿಲ್ಲಿಸಿದ ಕಪಾಟುಗಳು. ನಡುವೆ ಜನ ಒಬ್ಬರ ಭುಜದ ಮೇಲಿಂದ ಒಬ್ಬರು ಇಣುಕುತ್ತ ಇಂಚಿಂಚಾಗಿ ಸರಿಯುತ್ತಿದ್ದರು. ಇಷ್ಟು ಜನ, ಇಷ್ಟು ಕಡಿಮೆ ಸದ್ದು!

ಬೀದಿಯ ಹೆಚ್ಚಿನ ಅಂಗಡಿಗಳು ದಕ್ಷಿಣದ ಮಗ್ಗುಲಲ್ಲೇ ಸಾಲುಗಟ್ಟಿ ಉತ್ತರಕ್ಕೆ ಮುಖ ಮಾಡಿವೆ. ಬಿಸಿಲು ತಾಗಿ ಪುಸ್ತಕದ ಬೆನ್ನು ಬಿಳಿಚಿಕೊಳ್ಳಬಾರದೆಂದು. ವಾಸ್ತು ಎಂದರೆ ಇದು.

ಯಾಗುಚಿ ಶೋತೆನ್ ಎಂಬಲ್ಲಿ ಸಿನಿಮಾ, ನಾಟಕದ ಪುಸ್ತಕಗಳು ಮಾತ್ರ. 1928ರ ಕಟ್ಟಡ, ಹೊರಗೋಡೆಗೇ ಕಪಾಟು ಹೊಡೆದಿದ್ದಾರೆ. ನಾನ್ಯೋಡೋ ಎಂದರೆ ವಾಸ್ತುಶಿಲ್ಪ. ಮೇರಿಂಕಾನ್ ಎಂದರೆ ಗಣಿತ, ವಿಜ್ಞಾನ. 1882ರಷ್ಟು ಹಳೆಯ ಓಯಾ ಶೋಬೋದಲ್ಲಿ ಎದೋ ಕಾಲದ ಮರದಚ್ಚಿನ ಚಿತ್ರಗಳು, ನಕಾಶೆಗಳು. ಉಚಿಯಾಮಾದಲ್ಲಿ ಚೀನಾ. ಇದರ ಸ್ಥಾಪಕ ಶಾಂಘಾಯಿಯಲ್ಲಿ ಅಂಗಡಿ ಇಟ್ಟುಕೊಂಡು ಚೀನೀ ಲೇಖಕ ಲೂ ಶುನ್‌ನ ಆಪ್ತನಾಗಿದ್ದವನು. ಹಳೆಪುಸ್ತಕ ಕೇಂದ್ರ ಎಂಬ ಬಹುಮಹಡಿ ಕಟ್ಟಡದಲ್ಲಿ ಒಂದು ಅಂಗಡಿಗೆ ಪ್ರಾಣಿ, ಸಸ್ಯ ಮತ್ತು ಗಾಳ ಹಾಕಿ ಮೀನು ಹಿಡಿಯುವ ವಿದ್ಯೆಯೇ ವಿಷಯ. ಹೊಸ ಪುಸ್ತಕ ಮಾರುವ ಶೋಸೆನ್ ಗ್ರಾಂದೆಯಲ್ಲಿ ಒಂದು ಮಹಡಿ ಪೂರ್ತಿ ರೈಲು. ರೈಲಿನ ಪುಸ್ತಕ, ರೈಲಿನ ಪತ್ರಿಕೆ, ಕೊನೆಗೆ ರೈಲಿನಿಂದಲೇ ಕಳಚಿದ ಫಲಕ. ಹರೆಯದ ಹುಡುಗರೂ ನಿವೃತ್ತ ಗುಮಾಸ್ತರೂ ಅಕ್ಕಪಕ್ಕ ನಿಂತು ವೇಳಾಪಟ್ಟಿಯನ್ನು ಕಾದಂಬರಿಯಂತೆ ಓದುತ್ತಿದ್ದರು.

ನ್ಯಾಂಕೋಡೋದ ಕತೆ ನನಗೆ ಎಲ್ಲಕ್ಕಿಂತ ಹಿಡಿಸಿತು. ಅನೆಗಾವಾ ಎಂಬ ಪುಟ್ಟ ಅಂಗಡಿ ಎಲ್ಲರ ಹಾಗೆ ಎಲ್ಲ ಬಗೆಯ ಹೊಸ ಪುಸ್ತಕ ಮಾರುತ್ತಿತ್ತು, ಎಲ್ಲರ ಹಾಗೆ ನಷ್ಟದತ್ತ ಜಾರುತ್ತಿತ್ತು. 2013ರಲ್ಲಿ ಒಂದು ಮೂಲೆಯನ್ನು ಬೆಕ್ಕಿನ ಪುಸ್ತಕಗಳಿಗೆ ಬಿಟ್ಟುಕೊಟ್ಟರು. ಬೆಕ್ಕು ಹಾಲಿನ ಪಾತ್ರೆಗೆ ಬಾಯಿ ಹಾಕಿದರೆ ಬಿಟ್ಟೀತೇ? ಅಂಗಡಿಯ ಉಳಿದ ಕಪಾಟುಗಳನ್ನೂ ಅದು ನುಂಗಿತು. ಈಗ ಅಲ್ಲಿ ಬೆಕ್ಕಿನ ಚಿತ್ರ, ಬೆಕ್ಕಿನ ಕಾದಂಬರಿ, ಬೆಕ್ಕಿನ ವೈದ್ಯ, ಬೆಕ್ಕಿನ ತತ್ವಜ್ಞಾನ. ನಾಯಿಯ ಪುಸ್ತಕ ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಅಳಿಯ ಕಣ್ಣಲ್ಲೇ ತಡೆದ.

ಇವೆಲ್ಲ ಒಂದೇ ಕಡೆ ಏಕೆ ಗುಂಪುಗೂಡಿದವು? ಮೊದಲ ಕಾರಣ ವಕೀಲರು. 1880ರ ದಶಕದಲ್ಲಿ ಈ ಸುತ್ತಿನಲ್ಲಿ ಕಾನೂನು ಶಾಲೆಗಳೆದ್ದವು. ಮೇಯ್ಜಿ, ಚೂಓ, ಸೆನ್ಶೂ ವಿಶ್ವವಿದ್ಯಾಲಯಗಳ ಬೇರು ಅಲ್ಲಿದೆ. ವಿದ್ಯಾರ್ಥಿಗಳು ವರ್ಷದ ಕೊನೆಗೆ ಪಠ್ಯ ಮಾರಿದರು, ಮುಂದಿನ ವರ್ಷದವರು ಕೊಂಡರು. 1913ರ ಬೆಂಕಿಯಲ್ಲಿ ಬಡಾವಣೆ ಸುಟ್ಟುಹೋಯಿತು. ಅದೇ ವರ್ಷ ಹೆಣ್ಣುಮಕ್ಕಳ ಶಾಲೆಯ ಮೇಷ್ಟರಾಗಿದ್ದ ಇವಾನಾಮಿ ಶಿಗೆಓ ಕೆಲಸ ಬಿಟ್ಟು ಇಲ್ಲಿ ಹಳೆಪುಸ್ತಕದ ಅಂಗಡಿ ತೆರೆದರು. ಹಳೆಪುಸ್ತಕವೆಂದರೆ ಚೌಕಾಸಿ ಎಂದಿದ್ದ ಕಾಲದಲ್ಲಿ ಪುಸ್ತಕಕ್ಕೆ ಚೀಟಿ ಅಂಟಿಸಿ, ಬೆಲೆ ಇಷ್ಟೇ ಎಂದರು. ಇನ್ನೂರ ನಲವತ್ತು ವರ್ಷಗಳ ಹಿಂದೆ ಬಟ್ಟೆಗೆ ತಕತೋಶಿ ಮಾಡಿದ್ದನ್ನೇ ಮೇಷ್ಟರು ಪುಸ್ತಕಕ್ಕೆ ಮಾಡಿದರು. ಅಂಗಡಿಯ ಫಲಕಕ್ಕೆ ಅಕ್ಷರ ಬರೆದುಕೊಟ್ಟವರು ಕಾದಂಬರಿಕಾರ ನತ್ಸುಮೆ ಸೋಸೆಕಿ. 1914ರಲ್ಲಿ ಅವರ 'ಕೊಕೊರೊ' ಇವಾನಾಮಿಯಿಂದಲೇ ಪ್ರಕಟವಾಯಿತು, ಅದೂ ಲೇಖಕರ ದುಡ್ಡಿನಲ್ಲೇ. 1927ರಲ್ಲಿ ಜೇಬಿಗೆ ಹಿಡಿಯುವ ಅಗ್ಗದ ಇವಾನಾಮಿ ಬುಂಕೋ ಮಾಲೆ ಶುರುವಾಗಿ ಇಡೀ ದೇಶ ಓದಿತು. ಸುಟ್ಟ ಬೀದಿಯ ಚಿಕ್ಕ ಅಂಗಡಿ ಹದಿನಾಲ್ಕು ವರ್ಷದಲ್ಲಿ ರಾಷ್ಟ್ರದ ಪ್ರಕಾಶನ.

ಆದರೆ ಬೀದಿ ಹುಟ್ಟಿದ್ದು ಹೇಗೆ ಎಂಬುದಕ್ಕಿಂತ ಉಳಿದದ್ದು ಹೇಗೆ ಎಂಬುದು ನನ್ನನ್ನು ಹೆಚ್ಚು ಕಾಡಿತು. ಅದರ ಗುಟ್ಟು ಮುಖ್ಯರಸ್ತೆಯಲ್ಲಿಲ್ಲ. ಸ್ವಲ್ಪ ಒಳಗೆ, ಓಗಾವಾಮಾಚಿಯ ಕಡೆ, ಹಳೆಪುಸ್ತಕ ವ್ಯಾಪಾರಿಗಳ ಸಹಕಾರ ಸಂಘದ ಕಟ್ಟಡವಿದೆ. ವಾರಾಂತ್ಯದಲ್ಲಿ ಅದರ ನೆಲಮಾಳಿಗೆಯಲ್ಲಿ ನಮ್ಮಂಥವರಿಗೂ ಮಾರಾಟ. ಮೇಲಿನ ಮಹಡಿಗಳಲ್ಲಿ ವ್ಯಾಪಾರಿಗಳಿಗಷ್ಟೇ ಹರಾಜು. ವಾರದ ಒಂದೊಂದು ದಿನ ಒಂದೊಂದು ಬಗೆಯ ಪುಸ್ತಕಕ್ಕೆ. ಹರಾಜೆಂದರೆ ನಮ್ಮ ಎಪಿಎಂಸಿಯಲ್ಲಿ ಕೂಗುವ ಹರಾಜಲ್ಲ. ಕಟ್ಟು ಕಟ್ಟಿದ ಪುಸ್ತಕಗಳ ಜೊತೆ ಒಂದೊಂದು ಲಕೋಟೆ. ಬೇಕಾದವರು ಚೀಟಿಯಲ್ಲಿ ಬೆಲೆ ಬರೆದು ಲಕೋಟೆಯೊಳಗೆ ಹಾಕಿ ಮುಂದೆ ಸರಿಯುತ್ತಾರೆ. ಒಂದೇ ಚೀಟಿಯಲ್ಲಿ ಎರಡು ಮೂರು ಬೆಲೆಯನ್ನೂ ಬರೆಯಬಹುದು: ಇಷ್ಟಕ್ಕೆ ಸಿಕ್ಕರೆ ಲೇಸು, ಇಲ್ಲವಾದರೆ ಇಷ್ಟು, ಕೊನೆಗೆ ಇಷ್ಟು. ಲಕೋಟೆ ಒಡೆದಾಗ ಎದುರಾಳಿಯನ್ನು ದಾಟಲು ಸಾಕಾಗುವ ಅತಿ ಕಡಿಮೆ ಬೆಲೆಯೇ ಲೆಕ್ಕಕ್ಕೆ.

ಈಗ ಯೋಚಿಸಿ. ನೀವು ಸಿನಿಮಾ ಪುಸ್ತಕದ ಅಂಗಡಿಯವರು. ತೀರಿಕೊಂಡ ಪ್ರಾಧ್ಯಾಪಕರೊಬ್ಬರ ಮನೆಯವರು ಕರೆದು ಇಡೀ ಗ್ರಂಥಸಂಗ್ರಹ ಕೊಳ್ಳಿ ಎನ್ನುತ್ತಾರೆ. ಅದರಲ್ಲಿ ಸಿನಿಮಾ ಹತ್ತರಲ್ಲೊಂದು ಪಾಲು. ಉಳಿದದ್ದು ಗಣಿತ, ಚೀನಾ, ಮೀನು. ಒಂಟಿ ಅಂಗಡಿಯಾದರೆ ಒಂದೋ ವ್ಯವಹಾರ ಬಿಡಬೇಕು, ಇಲ್ಲ ಎಲ್ಲವನ್ನೂ ತಂದು ಎಲ್ಲರ ಅಂಗಡಿಯಾಗಬೇಕು. ಇಲ್ಲಿ ಹಾಗಲ್ಲ. ಸಿನಿಮಾ ಇಟ್ಟುಕೊಂಡು ಉಳಿದದ್ದನ್ನು ಹರಾಜಿಗೆ ಕಳಿಸಿದರೆ ಗಣಿತ ಗಣಿತದವರಿಗೆ, ಮೀನು ಮೀನಿನವರಿಗೆ ಹೋಗಿ ಸೇರುತ್ತದೆ. ಅವರ ಕೈಗೆ ಬಂದ ಸಿನಿಮಾ ಮುಂದಿನ ವಾರ ನಿಮ್ಮ ಬಾಗಿಲಿಗೆ ಬರುತ್ತದೆ. ಗಿರಾಕಿ ಬಂದು ಏನೋ ಕೇಳಿದರೂ ಅಷ್ಟೇ. "ನಮ್ಮಲ್ಲಿ ಇಲ್ಲ, ಮೂರು ಅಂಗಡಿ ಆಚೆ ಕೇಳಿ" ಎನ್ನುವ ಧೈರ್ಯ ಬರುವುದು ಮೂರು ಅಂಗಡಿ ಆಚೆ ಒಬ್ಬ ಇರುವುದರಿಂದ. ಪಕ್ಕದ ಅಂಗಡಿಯವನು ಇಲ್ಲಿ ಪ್ರತಿಸ್ಪರ್ಧಿಯಲ್ಲ, ನೀವು ಚಿಕ್ಕದಾಗಿ ಉಳಿಯಲು ಕೊಟ್ಟ ಜಾಮೀನು. ವ್ಯಾಪಾರ ಶಾಲೆಗಳಲ್ಲಿ ನಿಶ್ ಮಾರ್ಕೆಟ್ ಎಂದರೆ ಒಂದು ಕಂಪನಿ ತನಗೆಂದು ಕೊರೆದುಕೊಂಡ ಗೂಡು ಎಂದು ಕಲಿಸುತ್ತಾರೆ. ಜಿಂಬೋಚೋ ನೋಡಿದ ಮೇಲೆ ನನಗೆ ಅದು ಒಂದು ಅಂಗಡಿಯ ಗುಣವೆಂದು ಅನ್ನಿಸುವುದಿಲ್ಲ. ಇಡೀ ಬೀದಿಯ ಗುಣ. ಬೆಂಗಳೂರಿನ ಬಳೇಪೇಟೆಯಲ್ಲಿ ವೀಣೆ, ಮೃದಂಗದವರು ಒಬ್ಬರ ಪಕ್ಕ ಒಬ್ಬರು ಕೂತದ್ದು ಜಾಗ ಇಲ್ಲದೆ ಅಲ್ಲ ಎಂದು ಅಲ್ಲಿ ನಿಂತಾಗ ಹೊಳೆಯಿತು.

ಅಳಿಯ ಒಪ್ಪಲಿಲ್ಲ. ಆಗ ನಾವು ಹಳೆಪುಸ್ತಕ ಕೇಂದ್ರದ ಎರಡನೆಯ ಮಹಡಿಯಲ್ಲಿದ್ದ ಬೋಂದಿ ಎಂಬ ಹೋಟೆಲಿನಲ್ಲಿ ಕರಿ ತಿನ್ನುತ್ತಿದ್ದೆವು. ಮಾಂಗಾ ಅಂಗಡಿಯ ಪಕ್ಕದಲ್ಲೇ ಹೋಟೆಲು. ಕರಿಗೆ ಮುಂಚೆ ಬೇಯಿಸಿದ ಆಲೂಗೆಡ್ಡೆ, ಬೆಣ್ಣೆ ತಂದಿಡುತ್ತಾರೆ. ಈ ಬಡಾವಣೆಯಲ್ಲಿ ಕರಿ ಹೋಟೆಲುಗಳು ಅಷ್ಟೊಂದು ಯಾಕೆಂದರೆ, ಒಂದು ಕೈಯಲ್ಲಿ ಚಮಚ ಹಿಡಿದು ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿಯಬಹುದಂತೆ. ಚಾಪ್‌ಸ್ಟಿಕ್ಕಿಗೆ ಆ ಸೌಕರ್ಯವಿಲ್ಲ.

"ಇದು ಟೋಕಿಯೋ ಮಾವ. ಸುತ್ತಮುತ್ತ ಸೇರಿಸಿದ್ರೆ ಮೂರೂಮುಕ್ಕಾಲು ಕೋಟಿ ಜನ. ಹತ್ತು ಸಾವಿರಕ್ಕೊಬ್ಬ ಹುಚ್ಚ ಅಂದ್ರೂ ಮೂರೂವರೆ ಸಾವಿರದ ಮೇಲೆ ಹುಚ್ಚರು, ಅವರೆಲ್ಲ ರೈಲಲ್ಲಿ ಒಂದು ಗಂಟೆಯೊಳಗೆ ಇಲ್ಲಿಗೆ ಬರಬಹುದು. ಹಾಸನದಲ್ಲಿ ಬೆಕ್ಕಿನ ಪುಸ್ತಕದಂಗಡಿ ಇಡಿ ನೋಡೋಣ."

ಮಾತು ಸರಿಯೇ. ಊರು ದೊಡ್ಡದಾದಷ್ಟೂ ಅಂಗಡಿ ಕಿರಿದಾಗಬಹುದು. ಇಂಟರ್ನೆಟ್ಟು ಬಂದು ಇಡೀ ಜಗತ್ತನ್ನೇ ಒಂದು ಟೋಕಿಯೋ ಮಾಡಿಬಿಡುತ್ತದೆ ಎಂಬ ಆಸೆ ಹುಟ್ಟಿದ್ದೂ ಇದರಿಂದಲೇ. 2004ರಲ್ಲಿ ಕ್ರಿಸ್ ಆಂಡರ್ಸನ್ 'ವೈರ್ಡ್' ಪತ್ರಿಕೆಯಲ್ಲಿ ಬರೆದ ಲೇಖನದ ಹೂರಣ ಇಷ್ಟೇ: ಚೆನ್ನಾಗಿ ಓಡುವ ಸರಕು ತಲೆಯಾದರೆ, ಕಪಾಟಿಗೆ ಮಿತಿಯಿಲ್ಲದಾಗ ಅದರ ಹಿಂದೆ ಉದ್ದ ಬಾಲದಂತಿರುವ, ಅಪರೂಪಕ್ಕೆ ಮಾರಾಟವಾಗುವ ಲಕ್ಷಾಂತರ ಸರಕುಗಳೂ ಕೂಡಿ ದೊಡ್ಡ ವ್ಯಾಪಾರವಾಗುತ್ತವೆ. ನಾಲ್ಕೇ ವರ್ಷದಲ್ಲಿ ಹಾರ್ವರ್ಡಿನ ಅನಿತಾ ಎಲ್ಬರ್ಸೆ ಅಂಕಿಅಂಶ ಹಿಡಿದು ತಕರಾರು ತೆಗೆದರು. ಬಾಲ ಉದ್ದವಾಗುತ್ತಿದೆ, ನಿಜ, ಆದರೆ ತೀರ ಸಪೂರವಾಗುತ್ತಿದೆ. ದುಡ್ಡು ಇನ್ನೂ ತಲೆಯ ಕಡೆಗೇ ಎಂದರು. ನಿಮ್ಮ ಕಂಪನಿಯಲ್ಲಿ ಹೇಗಪ್ಪಾ ಎಂದು ಅಳಿಯನನ್ನು ಕೇಳಿದೆ. ಎಲ್ಲವನ್ನೂ ಪಟ್ಟಿಯಲ್ಲಿ ಇಡುತ್ತಾರೆ, ಮೊದಲ ಪುಟದಲ್ಲಿ ತೋರಿಸುವುದು ಈಗಾಗಲೇ ಓಡುತ್ತಿರುವುದನ್ನೇ ಎಂದ. ಪರದೆಯ ಮೇಲೆ ಎಲ್ಲವೂ ಇದೆ, ಆದರೆ ಮೂರು ಅಂಗಡಿ ಆಚೆ ಕೇಳಿ ಎನ್ನುವವರು ಇಲ್ಲ. ಜಿಂಬೋಚೋದವರು ಈ ವಿಷಯದಲ್ಲೂ ಜಾಣರು. ದೇಶದ ಹಳೆಪುಸ್ತಕ ವ್ಯಾಪಾರಿಗಳ ಸಂಘವೇ ಒಂದು ಜಾಲತಾಣ ನಡೆಸುತ್ತದೆ. ಬೀದಿಯನ್ನು ಬೀದಿಯಾಗಿಯೇ ಎತ್ತಿ ಇಂಟರ್ನೆಟ್ಟಿನಲ್ಲಿ ಇಟ್ಟಿದ್ದಾರೆ.

ಊಟ ಮುಗಿಸಿ ಇಳಿದು ಚೌಕಕ್ಕೆ ಬಂದರೆ ಇವಾನಾಮಿ ಹಾಲ್ ಇದ್ದ ಕಟ್ಟಡ. 'ಇದ್ದ' ಎಂದೇ ಹೇಳಬೇಕು. 1968ರಲ್ಲಿ ತೆರೆದ ಪುಟ್ಟ ಸಭಾಂಗಣ. 1974ರಲ್ಲಿ, ದೊಡ್ಡ ಚಿತ್ರಮಂದಿರಗಳು ಮುಟ್ಟದ ಸಿನಿಮಾಗಳನ್ನು ಇಲ್ಲಿ ತೋರಿಸಲು ಆರಂಭಿಸಿದಾಗ ಮೊದಲು ಆರಿಸಿದ್ದು ಸತ್ಯಜಿತ್ ರಾಯ್ ಅವರ 'ಅಪುರ್ ಸಂಸಾರ್'. ಜಪಾನಿನ ಊರೂರುಗಳಲ್ಲಿ ಆಮೇಲೆ ಎದ್ದ 'ಮಿನಿ ಥಿಯೇಟರು'ಗಳಿಗೆ ಇದೇ ಮಾದರಿ. 2022ರ ಜುಲೈಯಲ್ಲಿ, ಕೊರೋನಾ ತಂದ ನಷ್ಟ ತಾಳಲಾರದೆ, ಬಾಗಿಲು ಹಾಕಿತು. ಅದೇ ವರ್ಷದ ಮೇ ತಿಂಗಳಲ್ಲಿ ಇದೇ ಬೀದಿಯ ದೊಡ್ಡಣ್ಣ, 1881ರ ಸಾನ್ಸೇಡೋ ಪುಸ್ತಕ ಮಳಿಗೆ, ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟಲೆಂದು ಮುಚ್ಚಿತ್ತು. ದೊಡ್ಡದಕ್ಕೆ ಕೆಡವಿ ಕಟ್ಟುವ ಶಕ್ತಿ ಇರುತ್ತದೆ. ಚಿಕ್ಕದು ಮುಚ್ಚಿದರೆ ಮುಚ್ಚಿತು. ಬೀದಿಯ ಜಾಮೀನು ಪುಸ್ತಕಕ್ಕೆ ನಡೆಯುತ್ತದೆ. ಇವಾನಾಮಿ ಹಾಲ್‌ನ ಹೊರೆಯನ್ನು ಹಂಚಿಕೊಳ್ಳಲು ಚಿತ್ರಮಂದಿರಗಳ ಅಂಥದ್ದೊಂದು ಬೀದಿ ಇರಲಿಲ್ಲ.

ಆ ಮಿನಿ ಥಿಯೇಟರುಗಳ ಋಣ ನಮ್ಮ ಮೇಲೂ ಇದೆ. 1998ರಲ್ಲಿ ಶಿಬುಯಾದ ಅಂಥದ್ದೊಂದು ಚಿತ್ರಮಂದಿರ 'ಮುತ್ತು' ಎಂಬ ತಮಿಳು ಚಿತ್ರ ಹಾಕಿತು; ಜನ ತಿಂಗಳುಗಟ್ಟಲೆ ಮುಗಿಬಿದ್ದರು. ಬೆಂಗಳೂರಿನ ಬಸ್ಸಿನಲ್ಲಿ ಸೀಟಿ ಊದುತ್ತಿದ್ದ ಶಿವಾಜಿರಾವ್ ಗಾಯಕ್ವಾಡ್ ಟೋಕಿಯೋದಲ್ಲಿ ಕುಣಿಯುವ ಮಹಾರಾಜನಾದದ್ದು ಹೀಗೆ. ಮದರಾಸಿನಲ್ಲಿ ಕೋಟ್ಯಂತರ ಜನರ ರಜನಿಕಾಂತ್ ಇಲ್ಲಿ ಕೆಲವರ ಪ್ರೀತಿಯಾಗಿದ್ದರು. ಕೆಲವರದು, ಎಲ್ಲರದು ಎಂಬ ಗೆರೆ ಸರಕಿನ ಮೇಲೆ ಬರೆದಿರುವುದಿಲ್ಲ, ಅದು ಬಂದಿಳಿದ ಊರಿನ ಮೇಲೆ ಹೋಗುತ್ತದೆ. 2023ರ ಜುಲೈಯಲ್ಲಿ 'ಕೆಜಿಎಫ್' ಎರಡೂ ಭಾಗ ಜಪಾನಿನಲ್ಲಿ ತೆರೆಕಂಡಾಗ ಅಳಿಯ ಹೋಗಿದ್ದನಂತೆ. ಅಕ್ಕಪಕ್ಕ ಕೂತಿದ್ದ ಜಪಾನೀ ಹೆಂಗಸರಿಗೆ ಯಶ್‌ನ ಸಂಭಾಷಣೆ ಅವನಿಗಿಂತ ಚೆನ್ನಾಗಿ ಬಾಯಿಪಾಠವಿತ್ತು ಎಂದು ಹೊಟ್ಟೆಕಿಚ್ಚಿನಿಂದಲೇ ಹೇಳಿದ.

ಗಿಂಜಾಕ್ಕೂ ಹೋಗಿಬಂದೆವು. ಅಲ್ಲಿನ ಹಿಂಬೀದಿಯೊಂದರ 1929ರ ಕಟ್ಟಡದಲ್ಲಿ ಮೋರಿಯೋಕಾ ಶೋತೆನ್ ಇದೆ. 2015ರಲ್ಲಿ ಅದನ್ನು ತೆರೆದ ಮೋರಿಯೋಕಾ ಯೋಶಿಯುಕಿ ಮೊದಲು ಕೆಲಸಕ್ಕಿದ್ದದ್ದು ಜಿಂಬೋಚೋದ ಇಸ್ಸೇಡೋ ಎಂಬ ಹಳೆಪುಸ್ತಕದ ಅಂಗಡಿಯಲ್ಲಿ.  ಅವರ ಅಂಗಡಿಯ ಪದ್ಧತಿ ಕೇಳಿ: ಒಂದು ವಾರಕ್ಕೆ ಒಂದೇ ಪುಸ್ತಕ. ಒಂದು ಪ್ರತಿಯಲ್ಲ, ಒಂದು ಶೀರ್ಷಿಕೆ. ಗೋಡೆಯ ಮೇಲೆ ಆ ಪುಸ್ತಕಕ್ಕೆ ಸಂಬಂಧಿಸಿದ ಚಿತ್ರವೋ ಪಾತ್ರೆಯೋ ಬಟ್ಟೆಯೋ. ಮುಂದಿನ ವಾರ ಹೋದರೆ ಬೇರೆಯೇ ಅಂಗಡಿ. ಇದು ಅತಿಯಾಯಿತು ಎಂದು ನನಗೆ ಅನ್ನಿಸಿತು. ಪುಸ್ತಕದಂಗಡಿಗೆ ಹೋಗುವ ಸುಖವೇ ಬೇಡದ ಪುಸ್ತಕಗಳನ್ನು ದಾಟಿ ಹೋಗುವುದರಲ್ಲಿದೆಯಲ್ಲ! ಆದರೆ ಕೊಂಡೆ, ಆಯ್ಕೆ ಇಲ್ಲದ ಕಡೆ ಕೊಳ್ಳುವುದು ಎಷ್ಟು ಸಲೀಸು ಎಂಬುದು ಕೊಂಡ ಮೇಲೆ ಗೊತ್ತಾಯಿತು.

ಹಬ್ಬದ ಕೊನೆಯ ಸಂಜೆ ಮತ್ತೆ ಜಿಂಬೋಚೋದಲ್ಲಿದ್ದೆವು. ಹಿಂಬೀದಿಯಲ್ಲಿ 'ಪಸಾಜ್' ಎಂಬ ಅಂಗಡಿ ಕಣ್ಣಿಗೆ ಬಿತ್ತು. 2022ರ ಮಾರ್ಚಿನಲ್ಲಿ ಶುರುವಾದದ್ದು. ಒಳಗೆ ನೂರಾರು ಗೂಡುಗಳು, ಗೂಡಿನ ಸಾಲುಗಳಿಗೆ ಪ್ಯಾರಿಸ್ಸಿನ ಬೀದಿಗಳ ಹೆಸರು. ಒಂದೊಂದು ಗೂಡಿಗೆ ಒಬ್ಬೊಬ್ಬ ಒಡೆಯ: ಲೇಖಕರು, ಅನುವಾದಕರು, ಪ್ರಕಾಶಕರು, ಬರೀ ಓದುಗರು. ತಿಂಗಳಿಗೆ ಇಷ್ಟು ಎಂದು ಬಾಡಿಗೆ ಕೊಟ್ಟು ತಮಗೆ ಬೇಕಾದ ಪುಸ್ತಕ ತಾವು ಇಟ್ಟ ಬೆಲೆಗೆ ಮಾರಬಹುದು. ಒಂದು ಅಂಗಡಿಯೊಳಗೆ ಒಂದು ಇಡೀ ಜಿಂಬೋಚೋ. ಒಂದು ಗೂಡಿನ ಮುಂದೆ ನಿಂತು ಅಳಿಯ ಮೊಬೈಲಿನಲ್ಲಿ ಏನೋ ಲೆಕ್ಕ ಹಾಕತೊಡಗಿದ. ಓಡದ ಸರಕನ್ನು ಗೋದಾಮಿನಿಂದ ಹೊರಹಾಕುವ ಆ ಹುಡುಗನೇ.

"ಒಂದು ಗೂಡು ಹಿಡಿದ್ರೆ ಹೇಗೆ ಮಾವ? ನೀವು ಊರಿಂದ ಪುಸ್ತಕ ಕಳ್ಸಿ."

"ಕನ್ನಡದ್ದಾ? ಯಾರೋ ಕೊಳ್ತಾರೆ?"

"ಹತ್ತು ಸಾವಿರಕ್ಕೊಬ್ಬ."

"ಸರಿ, ಕನ್ನಡ ಪುಸ್ತಕ ಅಂತ ಬೋರ್ಡು ಹಾಕು. ಕತೆ, ಕವನ, ಕಾದಂಬರಿ, ಒಂದಿಷ್ಟು ಅಡುಗೆ..."

ಅಳಿಯ ತಲೆ ಅಲ್ಲಾಡಿಸಿದ. "ಅದು ತುಂಬ ಅಗಲ ಆಯ್ತು ಮಾವ. ಈ ಬೀದೀಲಿ ನಡೆಯಲ್ಲ. ಬರೀ ಯಕ್ಷಗಾನ ಪ್ರಸಂಗ ಅಂತ ಇಟ್ರೆ ನೋಡಬಹುದು. ತೆಂಕು ಒಂದೇ ಸಾಕು."